ಕಾರಣದ ಕಾಲಂ

ಮಳವಳ್ಳಿ ಡಿಪೋದ ಟೈರು ವಿಭಾಗದಲ್ಲಿ
ನನ್ನ ಮುಂದಿನ ರಿಜಿಸ್ಟರಿಗೆ ಆರು ಕಾಲಂ:
ದಿನಾಂಕ, ಗಾಡಿ, ಮಾರ್ಗ, ಚಾಲಕ, ಯಾವ ಚಕ್ರ,
ಕಡೆಯದು ಕಾರಣ. ಹೆಬ್ಬೆರಳಗಲ.
ಅಷ್ಟರಲ್ಲಿ ಹಿಡಿಸುವುದು ಒಂದೇ ಮಾತು,
ಅಜಾಗರೂಕತೆ.
ಹನ್ನೊಂದು ವರ್ಷ ಬರೆದೆ. ಕೈ ಕೂತಿತ್ತು,
ಕಣ್ಣು ಮುಚ್ಚಿ ಬರೆದರೂ ದೀರ್ಘ ತಪ್ಪುತ್ತಿರಲಿಲ್ಲ.

ಹುಣಸೇಕೊಪ್ಪಲಿನ ಗಾಡಿ
ತಿಂಗಳಿಗೆ ಎಂಟು ಸಲ, ಒಂಬತ್ತು ಸಲ
ಎಡಗಡೆಯ ಹಿಂದಿನ ಚಕ್ರ ಎಳೆದುಕೊಂಡು ಬರುತ್ತಿತ್ತು,
ಕಾಲು ಉಳುಕಿದ ಎಮ್ಮೆಯ ಹಾಗೆ.
ಟೈರಿನಲ್ಲಿ ಮೊಳೆ. ಪ್ರತಿ ಸಲವೂ ಮೊಳೆ.
‘ಯಾವನ ತಪ್ಪಿದು?’ ಅನ್ನುವರು ಫೋರ್‌ಮನ್ ಇನಾಯತ್ ಸಾಬರು.
ಯಾವನು ಎಂದು ಕೇಳಿದರೆ ಯಾವನೋ ಒಬ್ಬ ಸಿಕ್ಕೇ ಸಿಗುತ್ತಾನೆ.
ಸಿಕ್ಕಿದವನು ಚಾಲಕ ಮಂಟಯ್ಯ.
ಸಂಬಳದಲ್ಲಿ ಮುರಿದುಕೊಂಡೆವು.
ಮೊಳೆ ನಿಲ್ಲಲಿಲ್ಲ.

ಆಮೇಲೆ ಬಂದಳು ಐಟಿಐ ಮುಗಿಸಿದ ಹೊಂಬಾಳೆ,
ಅಪ್ರೆಂಟಿಸ್, ಮೈಗೆ ದೊಡ್ಡದಾದ ಖಾಕಿ,
ಸುತ್ತಿ ಕಟ್ಟಿದ ಜಡೆಯಲ್ಲೊಂದು ಪೆನ್ಸಿಲ್.
ಮೊದಲ ದಿನವೇ ಕೇಳಿದಳು:
‘ಅಣ್ಣಾ, ಪಂಚರ್ ಆಗದೇ ಇರೋ ದಿನ ಯಾವುದು?’

ನಕ್ಕೆ. ಆಗದ್ದನ್ನ ಯಾರವ್ವ ಬರೀತಾರೆ?
ನಗು ಮುಗಿಯುವ ಮುಂಚೆ ರಿಜಿಸ್ಟರು ಅವಳ ತೊಡೆಯ ಮೇಲಿತ್ತು.
ಗೋಡೆಯ ಕ್ಯಾಲೆಂಡರು ಬಿಚ್ಚಿ ಪಕ್ಕಕ್ಕಿಟ್ಟುಕೊಂಡು
ನಾನು ಬರೆದ ಸಾಲು ಬಿಟ್ಟು
ಬರೆಯದೆ ಬಿಟ್ಟ ತಾರೀಖುಗಳನ್ನು ಓದಿದಳು.
ಟೀ ಆರಿ ಕೆನೆ ಕಟ್ಟಿತು.
‘ಅಮಾಸೆ ಅಣ್ಣಾ. ಮೂರು ವರ್ಷದಲ್ಲಿ
ಅಮಾಸೆ ದಿನ ಒಂದೂ ಇಲ್ಲ.’

ಇನಾಯತ್ ಸಾಬರು ಗ್ರೀಸು ಕೈ ಒರೆಸುತ್ತ,
‘ಗಾಡಿಗೆ ಗಾಳಿ ಮೆಟ್ಕೊಂಡಿರಬೇಕು ಬಿಡು’ ಎಂದರು.
‘ಮೆಟ್ಕೊಂಡಿದ್ರೆ ಅಮಾಸೇಲೇ ಅಲ್ವಾ ಜಾಸ್ತಿ?
ಇದರದ್ದು ಇರೋ ಗಾಳೀನೂ ಹೋಗ್ತಿದೆ, ಸಾಬ್ರೇ.
ಅಮಾಸೆ ದಿನ ಕೆಲಸ ಮುಟ್ಟದೋರು ಯಾರು?’

ಆಚಾರಿಗಳು.

ಕೂತಲ್ಲಿಂದ ಕೇಳಿದ್ದು ಸಾಕೆಂದು
ಮಾರನೆಯ ದಿನ ಅದೇ ಗಾಡಿ ಹತ್ತಿದೆವು.
ಕೊನೆಯ ನಿಲ್ದಾಣ. ರಸ್ತೆಯಂಚಿಗೆ ಸೋಮಾಚಾರಿಯ ಚಪ್ಪರ.
ಹಳೆಯ ಟೊಮೆಟೊ ಪೆಟ್ಟಿಗೆ ಬಿಚ್ಚುತ್ತಾನೆ,
ಡೊಂಕು ಮೊಳೆ ಕಲ್ಲಿನ ಮೇಲಿಟ್ಟು ಬಡಿಯುತ್ತಾನೆ,
ಉಳಿದದ್ದು ಡಬ್ಬಿಗೆ, ಚಿಮ್ಮಿದ್ದು ರಸ್ತೆಗೆ.
ಮಂಟಯ್ಯ ರಿವರ್ಸ್ ತೆಗೆದದ್ದು ನೇರ ಅದರ ಮೇಲೆ.
ನಾಲಗೆ ತುದಿಗೆ ಬಂತು ನನ್ನ ಹಳೆಯ ಮಾತು.
ಕಂಡ್ಯಾ, ಅಜಾ...

ಅಷ್ಟರಲ್ಲಿ ಅವಳು ಇನ್ನೊಂದು ಕೇಳಿಬಿಟ್ಟಿದ್ದಳು:
‘ಮಂಟಣ್ಣ, ಆ ಹೊಂಗೆಮರದ ಕೆಳಗೆ ಅಷ್ಟು ಜಾಗ ಇದೆಯಲ್ಲ,
ಅಲ್ಯಾಕೆ ತಿರುಗಿಸಲ್ಲ?’

ಅವನು ಗದ್ದದಲ್ಲೇ ತೋರಿಸಿದ.
ನೆರಳಲ್ಲಿ ಚಾಪೆ. ಚಾಪೆಯ ಮೇಲೆ ಅಂಗನವಾಡಿಯ
ಹದಿನಾಲ್ಕು ಕೂಸುಗಳು ಉಂಡು ಮಲಗಿದ್ದವು.
ಒಂದರ ಕಾಲು ಚಾಪೆ ದಾಟಿ ಮಣ್ಣಿಗೆ ಬಂದಿತ್ತು.

‘ಇಷ್ಟು ದಿನ ಹೇಳಲಿಲ್ಲ ಯಾಕಯ್ಯ?’
‘ಯಾರು ಅಂತ ಕೇಳಿದ್ರಿ ಸಾ,
ನಾನು ಅಂದೆ.
ಯಾಕೆ ಅಂತ ಕೇಳಿರಲಿಲ್ವಲ್ಲ.’

ಚಿಮ್ಮಿದ ಮೊಳೆ ಬೇಡವೇ ಎಂದರೆ ಸೋಮಾಚಾರಿ,
‘ಬೇಡ ಅಂದೋರ್ಯಾರು ತಾಯಿ, ಸೊಂಟ ಬಗ್ಗಲ್ಲ.’
ಡಿಪೋದ ಗುಜರಿಯಲ್ಲಿ ಒಂದು ಕೆಟ್ಟ ಸ್ಪೀಕರು,
ಅದರ ಅಯಸ್ಕಾಂತ, ಒಂದು ಬಿದಿರ ಗಳು, ಹತ್ತು ರೂಪಾಯಿಯ ಹುರಿ.
ಈಗ ಸಂಜೆ ಮುದುಕ ನಿಂತೇ ರಸ್ತೆ ಸವರುತ್ತಾನೆ,
ಮೀನು ಹಿಡಿಯುವವನ ಹಾಗೆ.
ಎಲ್ಲ ಸರಿಹೋಯಿತೆಂದಲ್ಲ. ಹೋದ ವಾರ
ಅದೇ ಗಾಡಿಯ ಬಲಗಡೆ ಚಕ್ರ ಕೂತಿತು. ಅದು ಬೇರೆ ಕತೆ.

ಮುರಿದುಕೊಂಡ ದುಡ್ಡು?
ಹೊಂಬಾಳೆ ಅದನ್ನೂ ಕೇಳಿದಳು.
ಕಾಗದ ಮಂಡ್ಯಕ್ಕೆ ಹೋಗಿದೆ. ಇನ್ನೂ ಬಂದಿಲ್ಲ.

ಸ್ಕೇಲಿಟ್ಟು ಕಾರಣದ ಗೆರೆಯನ್ನು ಒಂದಿಷ್ಟು ಸರಿಸಿದ್ದೇನೆ,
ಮಿಕ್ಕ ಕಾಲಂಗಳು ಇಕ್ಕಟ್ಟಾದರೆ ಆಗಲಿ.
ಆದರೂ ಪೆನ್ನು ಹಿಡಿದರೆ
ಕೈ ತಾನಾಗಿ ‘ಅ’ ಬರೆದುಬಿಡುತ್ತದೆ.
ಹೊಡೆದುಹಾಕುತ್ತೇನೆ, ಎದ್ದು
ಚಾಲಕನನ್ನು ಹುಡುಕಿಕೊಂಡು ಕ್ಯಾಂಟೀನಿನ ಕಡೆ ಹೋಗುತ್ತೇನೆ.